ಚೆಕ್‌ರೋಲಿನ ಹಿಂಬದಿ

ಮುಂಬದಿಯಲ್ಲಿ ಜನವರಿಯ ಕುಯ್ಲು:
ಚೋಮಿ, ಎಂಬತ್ತೆರಡು ಕಿಲೋ. ಅವಳ ಗಂಡ, ಅರವತ್ತು.
ಅಸ್ಸಾಮಿನ ಹುಡುಗರು ಹನ್ನೊಂದು, ಒಬ್ಬನಿಗೆ ಜ್ವರ.
ಪುಸ್ತಕ ಮಗುಚಿದರೆ ಅದೇ ನೀಲಿ ಪೆನ್ನು,
ಅದೇ ರೈಟರನ ಅಕ್ಷರ:
ಹನ್ನೆರಡು ಇಪ್ಪತ್ತು, ಎಡ.
ಎರಡು ಹತ್ತು, ಬಲ, ಅರ್ಧಕ್ಕೇ ನಿದ್ದೆ.
ಮೂರು, ಒದ್ದೆ.
ಮೂರೂಕಾಲು, ಮತ್ತೆ ಒದ್ದೆ, ಈ ಸಲ ನನ್ನ ಬನಿಯನ್ನು.

ಹುಟ್ಟಿದಾಗ ಎರಡು ಕಿಲೋ ಏಳುನೂರು.
ಐದನೆಯ ದಿನ ಆಶಾ ಲಲಿತಕ್ಕ ಬಂದು
ಜೋಳಿಗೆಯಲ್ಲಿ ಮಲಗಿಸಿ ಕೊಕ್ಕೆಗೆ ತೂಗುಹಾಕಿ
ಎರಡು ಐನೂರು ಅಂದಳು, ಮಾಮೂಲಿನ ದನಿಯಲ್ಲಿ.
ಇನ್ನೂರು ಗ್ರಾಂ ಎಲ್ಲಿ ಹೋಯಿತು?
ಹದಿನಾಲ್ಕು ವರ್ಷ ತೂಕ ಬರೆದವನು ನಾನು,
ಚೀಲದ ತಳದಲ್ಲಿ ಕಲ್ಲಿಟ್ಟವರನ್ನು
ಮುಳ್ಳಿನ ನಡುಕದಲ್ಲೇ ಹಿಡಿದವನು.
ತಕ್ಕಡಿ ಸರಿಯಿಲ್ಲ ಅಂದೆ. ಇನ್ನೊಮ್ಮೆ ತೂಗಿ ಅಂದೆ.
ಸಾಕಾಗುವಷ್ಟು ಕುಡಿಯುತ್ತಿದೆಯಾ ಅಂತ ಕೇಳಿಬಿಟ್ಟೆ.
ಹರಿಣಾಕ್ಷಿ ಗೋಡೆಯ ಕಡೆ ಮುಖ ತಿರುಗಿಸಿದಳು.

ಆ ರಾತ್ರಿಯ ಸಾಲು ಪುಸ್ತಕದಲ್ಲಿಲ್ಲ.

ಮೊದಲ ವಾರ ಎಲ್ಲ ಮಕ್ಕಳೂ ಇಳಿಯುತ್ತವೆ,
ಲಲಿತಕ್ಕ ಚಪ್ಪಲಿ ಹಾಕಿಕೊಳ್ಳುತ್ತ ಅಂದದ್ದು:
ಕಣದಲ್ಲಿ ಹಣ್ಣು ಒಣಗಿ ತೂಕ ಇಳಿದರೆ
ಯಾರ ಮೇಲೆ ದೂರು ಕೊಡುತ್ತೀರಿ ರೈಟರೇ?

ಸಂಜೆ ಐದಕ್ಕೆ ಕುಯ್ಲು ಮುಗಿಸಿ ಚೋಮಿ ಬರುತ್ತಾಳೆ.
ಕಾಫಿ ಅಂಟಿಗೆ ಕಪ್ಪಾದ ಬೆರಳು
ಬೂದಿಯಲ್ಲಿ ಉಜ್ಜಿ, ಸೋಪಿನಲ್ಲಿ ಉಜ್ಜಿ, ನನ್ನ ಕಣ್ಣೆದುರು ಮತ್ತೆ ಉಜ್ಜಿ,
ಕಾಲು ನೀಡಿ ಕೂರುತ್ತಾಳೆ, ಮೊಣಕಾಲಿಂದ ಪಾದದವರೆಗೆ
ಒಂದು ಮಂಚ.
ಮೊಣಕೈ ಅದ್ದಿ ನೀರಿನ ಬಿಸಿ ನೋಡುತ್ತಾಳೆ.
ಹೊಕ್ಕುಳಿಗೆ ಹರಳೆಣ್ಣೆ ಬಿಡಬೇಕೆಂದು ನಮ್ಮತ್ತೆ,
ಏನೂ ಹಚ್ಚಬೇಡಿ ಎಂದು ಸಿದ್ದಾಪುರದ ನರ್ಸು.
ಇಬ್ಬರ ನಡುವೆ ಚೋಮಿ ಬಾಟಲಿಯನ್ನು
ಮರೆತವಳ ಹಾಗೆ ಕಿಟಕಿಯಾಚೆ ಇಟ್ಟಳು.
ಬೆಕ್ಕು ಉರುಳಿಸಿತಂತೆ.

ನಾನು ಕಲಿತದ್ದು ಸ್ವಲ್ಪ.
ಕತ್ತಿನ ಹಿಂದೆ ಅಂಗೈ ಇಡುವುದು,
ತೇಗು ಬರುವವರೆಗೆ ಹೆಗಲ ಮೇಲೆ ತಟ್ಟುವುದು,
ಹಳೆ ಪಂಚೆ ಹರಿದು ನಾಲ್ಕು ಮಡಿಕೆ ಮಾಡುವುದು.
ಕಣದ ಅಂಚಿನ ತಂತಿಯಲ್ಲಿ ಹದಿನೇಳು ಬಟ್ಟೆ
ಮಂಜು ಹರಿಯಲೆಂದು ಕಾಯುತ್ತವೆ, ಎಂಟೂವರೆಗೆ ಹರಿಯುತ್ತದೆ.
ಎಳೆ ಬಿಸಿಲಿಗೆ ಅವಳನ್ನು ತೊಡೆಯ ಮೇಲಿಟ್ಟು ಕೂತರೆ
ಕಾಫಿ ಕೆದಕುವ ಹುಡುಗ ನಮ್ಮ ನೆರಳು ತುಳಿಯದೆ
ಸುತ್ತಿ ಹೋಗುತ್ತಾನೆ. ಯಾರೂ ಹೇಳಿಕೊಟ್ಟಿಲ್ಲ.

ಶನಿವಾರದ ಬಟವಾಡೆಗೆ ಸಾಹುಕಾರರು ಪುಸ್ತಕ ತೆರೆದರು,
ತಲೆಕೆಳಗಾಗಿ. ಕನ್ನಡಕ ಏರಿಸಿ ಬಹಳ ಹೊತ್ತು ಓದಿ,
ಈ ಎಡ, ಬಲ ಅಂದರೆ ಯಾವ ಬ್ಲಾಕು ಮಾರಾಯ, ಕೇಳಿದರು.
ಹೇಳಿದೆ.
ಕಿವಿಯವರೆಗೆ ಕೆಂಪಾಗಿ ಪುಸ್ತಕ ಮುಚ್ಚಿ
ಸೋಮವಾರ ತಡವಾಗಿ ಬಾ ಎಂದರು.

ಒಂಬತ್ತನೆಯ ದಿನ ಹೊಕ್ಕುಳ ಬಳ್ಳಿ ಉದುರಿತು.
ಬಟ್ಟೆಯ ಮಡಿಕೆಯಲ್ಲಿ, ಗಿಡದಲ್ಲೇ ಒಣಗಿದ ಕಾಯಿಯಷ್ಟು.
ಎಸೆಯಲು ಕೈ ಬರಲಿಲ್ಲ. ಬೆಂಕಿಪೊಟ್ಟಣದಲ್ಲಿದೆ,
ಆಫೀಸಿನ ಡ್ರಾಯರಿನಲ್ಲಿ, ಸ್ಟಾಂಪ್ ಪ್ಯಾಡಿನ ಪಕ್ಕ.

ನಿನ್ನೆ ರಾತ್ರಿ ಆನೆ ಬಂದವು.
ವಾಚರ್ ಹಂಸಾಕ ಕಿಟಕಿಯ ಹತ್ತಿರ ಬಂದು
ಪಟಾಕಿ ಹಚ್ಚಲಾ ಎಂದು ಪಿಸುಗುಟ್ಟಿದ.
ಒಂದೂವರೆ ಗಂಟೆ ಅತ್ತು ಈಗಷ್ಟೇ ಕಣ್ಣು ಮುಚ್ಚಿದ್ದಾಳೆ,
ಹರಿಣಾಕ್ಷಿ ನನಗಿಂತ ಮೊದಲು ಬೇಡ ಅಂದಳು.
ದೀಪ ಆರಿಸಿದೆವು.
ಹಿತ್ತಲಲ್ಲಿ ಬಾಳೆಯ ದಿಂಡು ಸೀಳುವ ಸದ್ದು,
ನೀರು ತುಂಬಿದ್ದನ್ನು ಅಗಿಯುವ ಸದ್ದು.
ಗೋಡೆಯಾಚೆ ಅಷ್ಟು ದೊಡ್ಡ ಉಸಿರು,
ನನ್ನ ಎದೆಯ ಮೇಲೆ ಇಷ್ಟು ಚಿಕ್ಕದು.
ಕತ್ತಲಲ್ಲಿ ಅವಳ ಬೆರಳು ನನ್ನ ಮಣಿಕಟ್ಟು ಹುಡುಕಿಕೊಂಡು ಬಂತು,
ಆ ಐದನೆಯ ದಿನದ ನಂತರ ಮೊದಲ ಸಲ.

ಬೆಳಿಗ್ಗೆ ಬರೆದೆ:
ಮೂರು ನಲವತ್ತು, ಆನೆ, ಎರಡೋ ಮೂರೋ.
ಬಾಳೆ, ಒಂದು ಸಾಲು ನಷ್ಟ.
ಪಾಪು ಒಂದು ಸಲ ಸೀನಿದಳು.
ನಾಲ್ಕು ಐವತ್ತು, ಬಲ, ಪೂರ್ತಿ.